ಕೆನ್ನೆಯಲ್ಲಿ ನಿಂತ ಉಸಿರು

ಸುರುಳಿಯೊಳಗೊಂದು ಸುರುಳಿ, ಅದರೊಳಗೆ ಮತ್ತೊಂದು. ಮೂರನ್ನೂ ಒಡಲಲ್ಲಿಟ್ಟುಕೊಂಡ ಒಂದೇ ಗಾಜಿನ ಕವಚ. ಆವಿ ಒಂದು ದಾರಿಯಲ್ಲಿ ಇಳಿಯಬೇಕು, ತಣ್ಣೀರು ಇನ್ನೊಂದು ದಾರಿಯಲ್ಲಿ ಏರಬೇಕು, ಎರಡೂ ಎಲ್ಲಿಯೂ ಮುಖಾಮುಖಿಯಾಗಬಾರದು. ಸಂಶೋಧನಾಲಯದವರು ಬರೆದು ತಂದ, ಆವಿ ತಣಿಸುವ ಉಪಕರಣದ ಆ ಚಿತ್ರವನ್ನು ಕಂಡು ಕಾರ್ಖಾನೆಯಲ್ಲಿ ಗಾಜು ಊದುವವರೆಲ್ಲ ನಕ್ಕಿದ್ದರು. "ಇದನ್ನ ಮಾಡೋಕೆ ಮನುಷ್ಯ ಸಾಲದು, ಜೇಡಾನೇ ಬೇಕು," ಎಂದಿದ್ದ ಒಬ್ಬ. ಅವರ ನಡುವೆ ನಗದೆ ಉಳಿದವನು ಒಬ್ಬನೇ ಒಬ್ಬ. ಆ ಚಳಿಗಾಲವೆಲ್ಲ ಅವನು ಮಾಡಿದ, ಅದು ಒಡೆಯಿತು. ಮತ್ತೆ ಮಾಡಿದ, ಮತ್ತೆ ಒಡೆಯಿತು. ಉರಿಯ ಮುಂದೆ ಒಡೆದಿದ್ದರೆ ಕೈಯ ತಪ್ಪು ಎನ್ನಬಹುದಿತ್ತು. ಅದು ಒಡೆಯುತ್ತಿದ್ದುದು ಎಲ್ಲ ಮುಗಿದ ಮೇಲೆ, ಹದದ ಒಲೆಯಲ್ಲಿ ನಿಧಾನವಾಗಿ ಆರಿ, ಹತ್ತಿಯ ಮೇಲೆ ಮಲಗಿ, ಯಾರೂ ಮುಟ್ಟದೆ, ಯಾರೂ ನೋಡದೆ ಇದ್ದಾಗ, ನಡುಹಗಲ ಊಟದ ಹೊತ್ತಿನಲ್ಲಿ, ಟಿಣ್ ಎಂದು. ಆ ಸದ್ದಿಗೆ ಅವನು ತುತ್ತನ್ನು ಕೈಯಲ್ಲೇ ಹಿಡಿದು ಕುಳಿತುಬಿಡುತ್ತಿದ್ದ. ಕೊನೆಗೊಂದು ದಿನ ಒಡೆದ ಚೂರನ್ನು ಬೆಳಕು ಸೋಸುವ ಎರಡು ಕಪ್ಪು ಹಾಳೆಗಳ ನಡುವೆ ಹಿಡಿದು ದೀಪಕ್ಕೊಡ್ಡಿದಾಗ, ಬರಿಗಣ್ಣಿಗೆ ನೀರಿನಷ್ಟು ತಿಳಿಯಾಗಿದ್ದ ಬೆಸುಗೆಯಲ್ಲಿ ನವಿಲಿನ ಕತ್ತಿನ ಬಣ್ಣ ಹೊತ್ತಿಕೊಂಡಿತ್ತು, ಗಾಜಿನೊಳಗೆ ಬಿಗಿತವಿದ್ದರೆ ಮಾತ್ರ ಕಾಣುವ ಬಣ್ಣ. ಕವಚದ ಗಾಜು ಬೇರೆ ಉಗ್ರಾಣದಿಂದ ಬಂದದ್ದು. ನೋಡಲು ಒಂದೇ, ತೂಕ ಒಂದೇ, ಉರಿಯಲ್ಲಿ ಕರಗುವ ಪರಿಯೂ ಹೆಚ್ಚುಕಡಿಮೆ ಒಂದೇ. ಆರುವಾಗ ಮಾತ್ರ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಒಂಟಿಯಾಗಿದ್ದರೆ ಎರಡೂ ಒಳ್ಳೆಯ ಗಾಜೇ. ಬೆಸೆದಾಗ ಮಾತ್ರ ಒಂದನ್ನೊಂದು ಒಳಗೊಳಗೇ ಜಗ್ಗುತ್ತ, ಹೊರಗೆ ನಗುತ್ತ ನಿಂತಿರುತ್ತವೆ. ಅವನು ಒಂದೇ ಉಗ್ರಾಣದ ಗಾಜನ್ನು ತರಿಸಿಕೊಂಡ. ಒಂದೇ ಪಟ್ಟಿಗೆ ಕುಳಿತು, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ, ಹಲ್ಲಿನ ನಡುವೆ ರಬ್ಬರಿನ ಕೊಳವೆ ಕಚ್ಚಿಕೊಂಡು, ಎರಡೂ ಕೈಗಳಲ್ಲಿ ಗಾಜನ್ನು ತಿರುಗಿಸುತ್ತ ಮುಗಿಸಿದ. ಅದು ಒಡೆಯಲಿಲ್ಲ. ಅಂದಿನಿಂದ ಅವನು ಎಲ್ಲರ ಬಾಯಲ್ಲಿ ಮೇಸ್ತ್ರಿ.

ಈಗ ಆ ಮೇಸ್ತ್ರಿಯ ಕೈಯಲ್ಲಿ ಚಮಚ ಲೋಟದ ಅಂಚಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಬಿದ್ದ ಬೆಳಗಿನ ಬಿಸಿಲಿನಲ್ಲಿ ಅವನು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. ನಡುಕ ದೊಡ್ಡದಲ್ಲ, ದೂರದಲ್ಲೆಲ್ಲೋ ರೈಲು ಹೋದಾಗ ಕಪಾಟಿನ ಗಾಜು ಅದುರುವಷ್ಟೇ. ಆದರೆ ಅಂಥ ಅದುರು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅವನು ಕಂಡವನು. ಚಮಚವನ್ನು ಸದ್ದಾಗದಂತೆ ಕೆಳಗಿಟ್ಟು, ಮಗಳು ಸ್ನಾನದಮನೆಯಲ್ಲಿದ್ದಾಳೆಂದು ಖಚಿತಪಡಿಸಿಕೊಂಡು, ಅಂಗಿಯ ಕಿಸೆಯಿಂದ ಉಬ್ಬಸದ ನೀಲಿ ಪಂಪನ್ನು ತೆಗೆದ. ಅಲ್ಲಾಡಿಸಿ, ತುಟಿಗಳ ನಡುವೆ ಇಟ್ಟು ಒತ್ತಿದ. ಕಹಿಯಾದ ಮಂಜು ಬಾಯಿ ತುಂಬಿತು. ಕೆನ್ನೆಗಳು ತಾವಾಗಿಯೇ ಉಬ್ಬಿ, ಗಂಟಲು ತಾನಾಗಿಯೇ ಮುಚ್ಚಿಕೊಂಡಿತು. ಒಳಗೆ ಹಿಡಿಯಲಾದಷ್ಟು ಹೊತ್ತು ಹಿಡಿದು, ಮಂಜಿನ ಕಹಿಯನ್ನು ಎಂಜಲಿನ ಜೊತೆ ನುಂಗಿದ. ಎದೆ ಬಿಚ್ಚಲಿಲ್ಲ. ಗಾಜಿನ ಧೂಳು, ಉರಿಯ ಹೊಗೆ, ವಯಸ್ಸು, ಮೂರೂ ಸೇರಿ ನೇಯ್ದ ಜೇಡರಬಲೆ ಅಲ್ಲಿಯೇ ಇತ್ತು. ಮತ್ತೆ ಒತ್ತಿದ. ಇನ್ನೊಮ್ಮೆ ಒತ್ತಿದ. ಎದೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಸಿಕ್ಕಿಕೊಂಡ ಜೀರುಂಡೆಯೊಂದು ಬಡಿದುಕೊಳ್ಳತೊಡಗಿತು. ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆಯಿಂದ ಹುಳಿ ಎದ್ದು ಎದೆಗೂಡನ್ನು ಸುಡುತ್ತ ಮೇಲೇರಿತು.

"ಅಪ್ಪ, ಎಷ್ಟು ಸಲ ಒತ್ತಿದ್ರಿ?" ಎಂದು ಬಾಗಿಲಾಚೆಯಿಂದ ಮಗಳ ಧ್ವನಿ.

"ಒಂದೇ ಸಲ ಕಣಮ್ಮ."

"ಸದ್ದು ಮೂರು ಸಲ ಕೇಳಿಸ್ತು."

"ಅಂಚೆ ಕಚೇರೀಲಿ ಮುದ್ರೆ ಕುಟ್ಟೀ ಕುಟ್ಟೀ ನಿನ್ನ ಕಿವೀಲಿ ಎಲ್ಲಾನೂ ಮೂರು ಸಲ ಕೇಳ್ಸುತ್ತೆ."

ಅವಳು ನಕ್ಕಳು. ಆ ನಗುವಿನ ಮರೆಯಲ್ಲಿ ಅವನು ಎಡಗಿಸೆಗೆ ಕೈಹಾಕಿ ಪುಟ್ಟ ಗಾಜಿನ ಸೀಸೆಯನ್ನು ತೆಗೆದ. ಹೆಬ್ಬೆರಳಿನಷ್ಟುದ್ದದ ಸೀಸೆ, ಅವನೇ ಊದಿದ್ದು. ಬಿರಡೆಯನ್ನು ಕುರುಂದದ ಪುಡಿಯಲ್ಲಿ ಉಜ್ಜಿ ಉಜ್ಜಿ ಕೂರಿಸಿದ್ದು. ತಿರುಗಿಸಿದರೆ ಮಾತ್ರ ಬರುತ್ತದೆ, ಎಳೆದರೆ ಬರುವುದಿಲ್ಲ. ಒಳಗಿರುವುದು ಪೆಪ್ಪರ್‌ಮಿಂಟ್ ಎಂದು ಮಗಳು ನಂಬಿದ್ದಳು. ಅವನು ಒಂದು ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ನೀರು ಕುಡಿದ. ಬಿರಡೆಯನ್ನು ಮರಳಿ ಕೂರಿಸುವಾಗ ಗಾಜಿಗೆ ಗಾಜು ತಾಗಿ ಸಣ್ಣಗೆ ಸದ್ದಾಯಿತು; ಹಾಗೆ ಸದ್ದಾಗಬಾರದಿತ್ತು.

ಎದೆಯುರಿಗೆಂದು ಆ ಮಾತ್ರೆಯನ್ನು ಹೊಟ್ಟೆಯ ಡಾಕ್ಟರು ಬರೆದುಕೊಟ್ಟದ್ದು ಕೆಲವೇ ವಾರಗಳಿಗೆ. ಆಮೇಲೆ ಬಂದು ತೋರಿಸಿ ಎಂದಿದ್ದರು, ತೋರಿಸಲು ಹೋದವರಾರು? ಹೆಂಡತಿ ಇದ್ದಾಗ ಬೆಳಿಗ್ಗೆ ತಟ್ಟೆಯ ಅಂಚಿನಲ್ಲಿ ಒಂದು ಮಾತ್ರೆ ಇರುತ್ತಿತ್ತು, ಉಪ್ಪಿನಷ್ಟೇ ಸಹಜವಾಗಿ. ಅವಳು ಹೋದ ಮೇಲೆ ಬೆಳಗಿನದು ಬೆಳಿಗ್ಗೆ, ಸಂಜೆಯದು ಸಂಜೆ ಎಂದಾಯಿತು, ಆಮೇಲೆ ಉರಿದಾಗಲೆಲ್ಲ ಎಂದಾಯಿತು. ಮಗಳು ಗದರಿಸಿದಾಗ ಅವನು ಜಗಳ ಬೇಡವೆಂದು "ಬಿಟ್ಟುಬಿಟ್ಟೆ, ಇವತ್ತಿಂದ ಮುಟ್ಟೋದಿಲ್ಲ" ಎಂದುಬಿಟ್ಟಿದ್ದ. ಒಂದು ದಿನದ ಮಟ್ಟಿಗೆ ಹೇಳಿದ ಮಾತು. ಆದರೆ ಅವಳು ಅದನ್ನು ಚಿಕ್ಕಮ್ಮನ ಮನೆಯಲ್ಲಿ ನೆಂಟರೆಲ್ಲ ಕೂತಿದ್ದಾಗ ಎತ್ತಿ ಆಡಿದಳು: "ನಮ್ಮಪ್ಪ ನೋಡಿ, ವರ್ಷಗಳಿಂದ ತಗೋತಿದ್ದ ಮಾತ್ರೇನ ಒಂದೇ ದಿನದಲ್ಲಿ ಬಿಟ್ರು. ಗಾಜು ಊದಿದ ಮನುಷ್ಯನ ಮನಸ್ಸು ಅಂದ್ರೆ ಅದು." ಎಲ್ಲರೂ ಅವನತ್ತ ನೋಡಿದ್ದರು. ಚಿಕ್ಕಮ್ಮನ ಅಳಿಯ ಸಿಗರೇಟಿನ ಪೊಟ್ಟಣವನ್ನು ಕಿಸೆಯೊಳಕ್ಕೆ ತಳ್ಳಿದ್ದ. ಆ ಹೊಗಳಿಕೆಯನ್ನು ವಾಪಸು ಕೊಡುವ ಬಗೆ ಅವನಿಗೆ ತಿಳಿಯಲಿಲ್ಲ. ಆ ಸಂಜೆಯೇ ಅಟ್ಟದ ಪೆಟ್ಟಿಗೆಯಿಂದ ಸೀಸೆಯನ್ನು ಹುಡುಕಿ ತೆಗೆದಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಮೀನಖಂಡ ಗಂಟುಕಟ್ಟಿಕೊಂಡಿತು. ಹಲ್ಲುಕಚ್ಚಿ ಕಾಲನ್ನು ಚಾಚಿದ. ಪಕ್ಕದಲ್ಲಿ ಮಗಳು ರಜೆ ಸಿಕ್ಕ ಬಗೆಯನ್ನು ಹೇಳುತ್ತಿದ್ದಳು, ಮೇಲಧಿಕಾರಿಯು "ನಿಮ್ಮ ತಂದೆಗೆ ತಿಂಗಳಿಗೊಂದು ಕಾಯಿಲೆಯಾ?" ಎಂದನಂತೆ, ಇವಳು "ಇಲ್ಲ ಸಾರ್, ಒಂದೇ ಕಾಯಿಲೆ, ತಿಂಗಳಿಗೊಂದ್ಸಲ ಡಾಕ್ಟರು" ಎಂದಳಂತೆ. ಅವನು ತಲೆದೂಗಿದ. ಕಿಟಕಿಯಾಚೆ ಔಷಧಿ ಅಂಗಡಿಯೊಂದು ಹಾದುಹೋಯಿತು. ಅದು ಆ ಅಂಗಡಿಯಲ್ಲ. ಆದರೂ ಅವನು ಮುಖ ತಿರುಗಿಸಿದ. ಆ ಅಂಗಡಿಯಲ್ಲಿ ಹಿಂದಿನ ತಿಂಗಳು, ಕಟ್ಟೆಯಾಚೆ ಹೊಸದಾಗಿ ಬಂದಿದ್ದ ಹೆಂಗಸು ಮಾತ್ರೆಯ ಪೊಟ್ಟಣಗಳನ್ನೂ ನೀಲಿ ಪಂಪನ್ನೂ ಒಟ್ಟಿಗೆ ಕಂಡು ಕೈ ತಡೆದಿದ್ದಳು. "ತಾತ, ಈ ಗ್ಯಾಸಿನ ಮಾತ್ರೆ ಎಷ್ಟು ವರ್ಷದಿಂದ ನುಂಗ್ತಿದ್ದೀರಾ? ತುಂಬಾ ವರ್ಷ ತಗೊಂಡ್ರೆ ಕೆಲವರ ರಕ್ತದಲ್ಲಿ ಮೆಗ್ನೀಸಿಯಂ ಇಳಿದುಹೋಗುತ್ತೆ. ಪಂಪ್ ಜಾಸ್ತಿ ಹೊಡೆದ್ರೆ ಕೈ ನಡುಗುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ಎರಡೂ ಒಟ್ಟಿಗೆ ಇಳಿದ್ರೆ ಎದೆ ಬಡಿತ ದಾರಿ ತಪ್ಪುತ್ತೆ. ಉಸಿರಿನ ಡಾಕ್ಟ್ರಿಗೆ ಇದನ್ನ ಹೇಳಿದ್ದೀರಾ?" ಹಿಂದೆ ನಿಂತಿದ್ದವರು ಕೇಳಿಸಿಕೊಳ್ಳುತ್ತಿದ್ದರು. "ಹೇಳಿದೀನಿ, ಹೇಳಿದೀನಿ," ಎಂದು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಅವನು ಇಳಿದುಬಂದಿದ್ದ. ಅಂದಿನಿಂದ ಆ ಬೀದಿಗೇ ಹೋಗಿಲ್ಲ. ಎರಡು ನಿಲ್ದಾಣ ದಾಟಿ, ಏನೂ ಕೇಳದ ಅಂಗಡಿಯೊಂದನ್ನು ಹಿಡಿದಿದ್ದಾನೆ. ಆದರೆ ಅವಳ ಮಾತು ಅಂಗಡಿಯಲ್ಲೇ ಉಳಿಯಲಿಲ್ಲ. ಮಲಗಿದಾಗ ದಿಂಬಿಗೊತ್ತಿದ ಕಿವಿಯಲ್ಲಿ ಬಡಿತ ಕೇಳಿಸುತ್ತಿತ್ತು: ಎರಡು ಹೆಜ್ಜೆ ನಡೆದು, ಒಂದು ಹೆಜ್ಜೆ ತಪ್ಪಿ, ತಪ್ಪಿದ್ದನ್ನು ಮುಚ್ಚಿಕೊಳ್ಳಲು ಮೂರು ಹೆಜ್ಜೆ ಓಡುವ ಕುಡುಕನಂತೆ.

ಅಚ್ಚರಿಯೆಂದರೆ, ಆ ಹೆಂಗಸಿನ ಮಾತಿನಲ್ಲಿ ಅವನಿಗೊಂದು ಆಸೆಯೂ ಇತ್ತು. ಈ ನಡುಕ ಔಷಧಿಯದಾದರೆ ಅದು ಕೈಯದಲ್ಲ. ಕೈಯದಲ್ಲದಿದ್ದರೆ ಅವನು ದೊಡ್ಡ ಮೇಸ್ತ್ರಿಯ ದಾರಿಯಲ್ಲಿಲ್ಲ. ದೊಡ್ಡ ಮೇಸ್ತ್ರಿ, ಅವನಿಗೆ ಕೆಲಸ ಕಲಿಸಿದವರು, ಬಲಗೈಯನ್ನು ಚರ್ಮದ ಏಪ್ರನ್ನಿನೊಳಗೆ ಅಡಗಿಸಿಡಲು ಆರಂಭಿಸಿದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಒಂದು ಸಂಜೆ ಮುಗಿದ ಸೀಸೆಯನ್ನು ಕೆಳಗಿಡುವಾಗ ಅದು ಬೆಂಚಿಗೆ ತಾಗಿ ಟಕಟಕ ಎಂದಿತು, ಹಲ್ಲು ಕಡಿದಂತೆ. ಇಡೀ ಕೊಠಡಿ ಸುಮ್ಮನಾಯಿತು. ಉರಿಗಳು ಮಾತ್ರ ಬುಸುಗುಟ್ಟುತ್ತಿದ್ದವು. ಮರುವಾರದಿಂದ ದೊಡ್ಡ ಮೇಸ್ತ್ರಿ ಪೊರಕೆ ಹಿಡಿದು ಚೂರುಗಳನ್ನು ಗುಡಿಸತೊಡಗಿದರು. ಅವರ ಸ್ಟೂಲು ಇವನಿಗೆ ಬಂತು. ಕುಳಿತಾಗ ಅದು ಇನ್ನೂ ಬೆಚ್ಚಗಿತ್ತೇ? ಇರಲು ಸಾಧ್ಯವಿಲ್ಲ, ವಾರವೇ ಕಳೆದಿತ್ತು. ಆದರೆ ನೆನಪಿನಲ್ಲಿ ಅದು ಯಾವಾಗಲೂ ಬೆಚ್ಚಗೇ ಇರುತ್ತದೆ. ಕಾಲಡಿಯಲ್ಲಿ ಪೊರಕೆ ಬಂದಾಗ ಅವನು ಕೆಲಸದಿಂದ ಕಣ್ಣೆತ್ತದೆ ಕಾಲುಗಳನ್ನಷ್ಟೇ ಎತ್ತುತ್ತಿದ್ದ.

ಹಾಗಾಗಿ ಹೇಳಿಬಿಡಬಹುದಿತ್ತು. ಸೀಸೆಯನ್ನು ಮೇಜಿನ ಮೇಲಿಟ್ಟು, ಡಾಕ್ಟರೇ, ಇದೂ ಉಂಟು, ಇಷ್ಟು ವರ್ಷದಿಂದ ಉಂಟು, ಎನ್ನಬಹುದಿತ್ತು. ಆಗ ಕೈಗೆ ಬಿಡುಗಡೆ. ಆದರೆ ಪಕ್ಕದಲ್ಲಿ ಮಗಳು ಕುಳಿತಿರುತ್ತಾಳೆ.

"ಏನು ಯೋಚ್ನೆ?" ಎಂದಳು ಮಗಳು.

"ಏನಿಲ್ಲ. ಬಸ್ಸು ಅಲ್ಲಾಡ್ತಿದೆ."

ಬಸ್ಸು ನಿಂತಿತ್ತು.

ಆಸ್ಪತ್ರೆಯ ಮಹಡಿ ಮೆಟ್ಟಿಲುಗಳನ್ನು ಅವನು ನಡುನಡುವೆ ಗೋಡೆಯ ಚಿತ್ರಗಳನ್ನು ನೋಡುವ ನೆಪದಲ್ಲಿ ನಿಂತು ಹತ್ತಿದ. ಮೊದಲ ತಿರುವಿನಲ್ಲಿ ಕೈತೊಳೆಯುವ ಕ್ರಮ, ಎರಡನೆಯ ತಿರುವಿನಲ್ಲಿ ಶ್ವಾಸಕೋಶದ ಅಡ್ಡಸೀಳು. ಕೊಂಬೆ, ಕೊಂಬೆಗೆ ಕೊಂಬೆ, ತುದಿಯಲ್ಲಿ ಗುಳ್ಳೆಗಳು. ಎಷ್ಟು ಚೆನ್ನಾಗಿ ಊದಿದ್ದಾನೆ ಯಾವನೋ, ಎಂದುಕೊಂಡ. ಮೇಲೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೆಮ್ಮುಗಳು ಕೈಯಿಂದ ಕೈಗೆ ದಾಟಿದಂತೆ ಸಾಗುತ್ತಿದ್ದವು. ಅವನ ಸರದಿ ಬಂದು, ಮೊದಲು ಉಸಿರಳೆಯುವ ಕೋಣೆಗೆ ಕರೆದರು. ಅಲ್ಲಿದ್ದವಳು ಚಿಕ್ಕ ಹುಡುಗಿ, ಕತ್ತಿಗೆ ಗುರುತಿನ ಚೀಟಿ, ತಲೆಗೂದಲಿಗೆ ಪೆನ್ಸಿಲು. ಯಂತ್ರದಿಂದ ಹೊರಟ ಕೊಳವೆಯ ತುದಿಗೆ ಹೊಸ ರಟ್ಟಿನ ಬಾಯಿ ಸಿಕ್ಕಿಸುತ್ತ ಹೇಳಿದಳು: "ತಾತ, ಮೂಗಿಗೆ ಕ್ಲಿಪ್ ಹಾಕ್ತೀನಿ, ನಗಬಾರದು. ಕೊಳವೆ ಬಾಯಲ್ಲಿ ಇಟ್ಕೊಂಡು ಎದೆ ತುಂಬಾ ಉಸಿರು ಎಳ್ಕೊಳ್ಳಿ. ನಾನು ಹೇಳಿದ ತಕ್ಷಣ ಜೋರಾಗಿ ಊದಿ. ಊದ್ತಾನೇ ಇರಿ."

ಊದುವುದು. ಅವನು ಬೆನ್ನು ನೇರ ಮಾಡಿದ. ಕೊಳವೆ ಹಲ್ಲುಗಳ ನಡುವೆ ಬಂದೊಡನೆ ದೇಹ ತನ್ನ ಹಳೆಯ ಮನೆಗೆ ಮರಳಿದಂತಾಯಿತು: ಮೊಣಕೈಗಳು ಪಕ್ಕೆಗೆ ಒತ್ತಿಕೊಂಡವು, ಬೆರಳುಗಳು ಇಲ್ಲದ ಗಾಜನ್ನು ತಿರುಗಿಸಲು ಬಾಗಿದವು. "ಎಳ್ಕೊಳ್ಳಿ, ಎಳ್ಕೊಳ್ಳಿ, ಎಳ್ಕೊಳ್ಳಿ," ಎಂದಳು ಹುಡುಗಿ. ಗಂಟಲು ಮುಚ್ಚಿಕೊಂಡಿತು. ಕೆನ್ನೆಗಳು ಉಬ್ಬಿದವು. "ಈಗ ಊದಿ!" ಅವನು ಊದಿದ, ಗಾಜಿನ ಗುಳ್ಳೆಯನ್ನು ಕೂದಲೆಳೆಯಷ್ಟು ಹಿಗ್ಗಿಸುವ ಆ ನವಿರಾದ, ಅಳತೆ ತಪ್ಪದ ಉಸಿರನ್ನು. ಯಂತ್ರ ಬೇಸರದಿಂದೆಂಬಂತೆ ಕೀಂಗುಟ್ಟಿತು. ಪರದೆಯ ಮೇಲೆ ಗೆರೆ ತುಸುವೇ ಎದ್ದು ಮಲಗಿತು.

"ತಾತ, ಬಲೂನ್ ಊದೋ ಹಾಗಲ್ಲ. ಕೆನ್ನೇಲಿ ಇಟ್ಕೋಬೇಡಿ. ಯಾರೂ ಹೇಳ್ಕೊಟ್ಟಿಲ್ವಾ ನಿಮ್ಗೆ ಊದೋದು?"

ಬಾಗಿಲ ಬಳಿ ನಿಂತಿದ್ದ ಮಗಳು ತುಟಿ ಕಚ್ಚಿ ನಗು ತಡೆದದ್ದನ್ನು ಅವನು ಕಂಡ. ಕಿವಿಯ ತುದಿ ಬಿಸಿಯಾಯಿತು. ಮೂಗಿನ ಮೇಲೆ ಕ್ಲಿಪ್ಪಿದ್ದುದರಿಂದ ಅವನ ಧ್ವನಿ ಕೋಡಂಗಿಯ ಧ್ವನಿಯಂತೆ ಹೊರಬಿತ್ತು: "ಊದೋದು ನಂಗೆ ಹೇಳ್ಕೊಡ್ತೀಯಾ ಮಗಳೇ? ಸುರುಳಿ ಒಳಗೆ ಸುರುಳಿ, ಅದರೊಳಗೆ ಸುರುಳಿ ಊದಿದವನು ನಾನು. ಈ ಕೊಳವೆ ಬಾಯಲ್ಲಿ ಇಟ್ಕೊಂಡೇ ಬೆಳಿಗ್ಗೆಯಿಂದ ಸಂಜೆ ತನಕ ಕೂತವನು." ಅವಳು ಕೀಲಿಮಣೆಯ ಮೇಲೆ ಏನನ್ನೋ ಒತ್ತುತ್ತ "ಹೌದಾ ತಾತ" ಎಂದಳು. ಅವನು ಮುಂದುವರಿಸಿದ: ಚಳಿಗಾಲ, ಟಿಣ್ ಎಂಬ ಸದ್ದು, ಬೇರೆ ಉಗ್ರಾಣದ ಗಾಜು. ಮೊದಲ ದಿನ ದೊಡ್ಡ ಮೇಸ್ತ್ರಿ ತಲೆಯ ಮೇಲೆ ಮೊಟಕಿ ಕಲಿಸಿದ ಮೊದಲ ಪಾಠ: ಕೊಳವೆ ಬಾಯಲ್ಲಿದ್ದಾಗ ಜೀವ ಹೋದರೂ ಒಳಕ್ಕೆ ಎಳೆಯಬಾರದು, ಎಳೆದರೆ ಬರುವುದು ಉರಿಯ ಬಿಸಿ, ಉಸಿರು ಮೂಗಿನಲ್ಲಿ ಆಡಬೇಕು, ಗಾಜಿಗೆ ಕೊಡುವ ಗಾಳಿ ಕೆನ್ನೆಯಲ್ಲಿರಬೇಕು. ಬಾಗಿಲ ಬಳಿ ಮಗಳು, ಸಾವಿರ ಸಲ ಕೇಳಿದ ಹಾಡಿಗೆ ತುಟಿಯಾಡಿಸುವಂತೆ, ಅವನ ಮಾತುಗಳನ್ನು ಸದ್ದಿಲ್ಲದೆ ಜೊತೆಯಲ್ಲಿ ಹೇಳುತ್ತಿದ್ದಳು. ಅವನು ನಿಲ್ಲಿಸಿದ. ಆ ಪುಟ್ಟ ಕೋಣೆಯಲ್ಲಿ ಸುರುಳಿ ತೀರ ಚಿಕ್ಕದಾಗಿ ಕಂಡಿತು, ಯಾರದೋ ಕಪಾಟಿನ ಆಟಿಕೆಯಂತೆ.

"ಆಯ್ತು ತಾತ," ಎಂದಳು ಹುಡುಗಿ, "ಇನ್ನೊಂದ್ಸಲ ಟ್ರೈ ಮಾಡೋಣ."

ಇನ್ನೊಂದು ಸಲವೂ, ಅದರ ಮರುಸಲವೂ ಗೆರೆ ಎದ್ದು ಮಲಗಿತು.

ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸಜ್ಜನರು, ಧ್ವನಿಯನ್ನು ತಗ್ಗಿಸಿ, ರೋಗಿಯನ್ನು ಯಜಮಾನ್ರೇ ಎಂದು ಕರೆಯುವವರು. "ಯಜಮಾನ್ರೇ, ಹೋದ್ಸಲಕ್ಕಿಂತ ಇಳಿದಿದೆ. ಪಂಪ್ ತಗೋತಿದ್ರೂ ಇಳೀತಿದೆ ಅಂದ್ರೆ ಔಷಧಿ ಸಾಲ್ತಿಲ್ಲ. ಇದೇ ಜಾತಿಯ ಇನ್ನೊಂದು ಕೊಡ್ತೀನಿ, ಸ್ವಲ್ಪ ಜೋರಿನದು, ತುಂಬಾ ಹೊತ್ತು ಕೆಲಸ ಮಾಡುತ್ತೆ. ನೀಲೀದೂ ಇರಲಿ." ಪೆನ್ನು ಕಾಗದದ ಮೇಲೆ ಇಳಿಯುವ ಮುನ್ನ ನಿಂತಿತು. "ಬೇರೆ ಯಾವುದಾದ್ರೂ ಮಾತ್ರೆ ತಗೊಳ್ತೀರಾ?"

ಉಗ್ರಾಣದ ಗುಮಾಸ್ತ ಒಮ್ಮೆ ಹೀಗೆಯೇ ಕೇಳಿದ್ದ, ಬಾಗಿಲಲ್ಲಿ ನಿಂತು, ಕೈಯಲ್ಲಿ ಕೊಳವೆಗಳ ಕಟ್ಟು ಹಿಡಿದು: ಮೇಸ್ತ್ರಿ, ಮೊದಲಿನ ಗಾಜು ಮುಗೀತು, ಇದನ್ನ ಕೊಡ್ಲಾ, ಎರಡೂ ಸೇರುತ್ತೆ ತಾನೆ? ಆಗ ಅವನು ಕಟ್ಟನ್ನೇ ತಳ್ಳಿ, ನೋಡದೆ ಬೆಸೆಯೋನು ಗಾಜು ಊದೋನಲ್ಲ ಎಂದು ಗದರಿದ್ದ. ಈಗ ಅವನ ಬಾಯಿ ತೆರೆಯಿತು. ತೆರೆದ ಬಾಯಿಂದ ಮಾತು ಬರುವ ಮುನ್ನವೇ ಮಗಳು ಹೇಳಿಯಾಗಿತ್ತು.

"ಇಲ್ಲ ಡಾಕ್ಟ್ರೇ. ಹೊಟ್ಟೆಗೊಂದು ಮಾತ್ರೆ ಇತ್ತು, ಅದನ್ನೂ ಬಿಟ್ಬಿಟ್ರು. ಒಂದೇ ದಿನದಲ್ಲಿ!" ಅವಳ ಮುಖ, ಅವಳು ಶಾಲೆಯಿಂದ ಬಹುಮಾನ ತಂದ ದಿನದ ಮುಖ.

"ಭೇಷ್," ಎಂದರು ಡಾಕ್ಟರು. "ಎದೆ ಡವಡವ, ಕೈ ನಡುಕ, ಕಾಲು ಸೆಳೆತ, ಏನಾದ್ರೂ?"

ಮೇಸ್ತ್ರಿ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಸೇರಿಸಿ ಕುಳಿತಿದ್ದ. ಎಡಗಿಸೆಯಲ್ಲಿ ಸೀಸೆ ಎದೆಗೆ ಒತ್ತುತ್ತಿತ್ತು. ಅದರೊಳಗಿನ ಮಾತ್ರೆಗಳು ಬಡಿತಕ್ಕೆ ತಕ್ಕಂತೆ ಅದುರುವುದು ತನಗೆ ಕೇಳಿಸುತ್ತಿದೆ, ಇವರಿಗೂ ಕೇಳಿಸುತ್ತಿರಬೇಕು ಎನ್ನಿಸಿತು. "ಅಂಥದ್ದೇನಿಲ್ಲ," ಎಂದ. "ವಯಸ್ಸು." ಪೆನ್ನು ಕಾಗದದ ಮೇಲೆ ಇಳಿಯಿತು. ಹೊರಗೆ ಕಾರಿಡಾರಿನಲ್ಲಿ ಯಾರೋ ಸ್ಟೀಲಿನ ತಟ್ಟೆಯನ್ನು ಬೀಳಿಸಿದರು. ಅವನೊಬ್ಬನೇ ಬೆಚ್ಚಿದ.

ಮಗಳು ಔಷಧಿ ತರಲು ಕೆಳಗೆ ಹೋದಳು. ಅವನು ಕುರ್ಚಿಯಲ್ಲಿ ಕುಳಿತು, ಬಾಗಿಲು ತೆರೆದಾಗಲೆಲ್ಲ ಕಾಣುವ ಡಾಕ್ಟರ ಬೆನ್ನನ್ನು ನೋಡಿದ. ಅವಳು ಇಲ್ಲದ ಈ ಹೊತ್ತಿನಲ್ಲಿ ಒಳಗೆ ಹೋಗಿ ಹೇಳಿ ಬರಬಹುದು, ಏಳೆಂಟು ಹೆಜ್ಜೆ. ಎದ್ದ. ಎದ್ದೊಡನೆ ಮುಂದಿನ ರೋಗಿಯ ಹೆಸರು ಕೂಗಿದರು, ಊರುಗೋಲಿನ ಮುದುಕಿಯೊಬ್ಬಳು ಅವನನ್ನು ದಾಟಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ಅವನು ಕುಳಿತ. ಕುಳಿತಾಗ ಮನಸ್ಸಿಗೆ ಸಮಾಧಾನವಾಯಿತೆಂಬುದೇ ಅವನಿಗೆ ಹೇಸಿಗೆ ತಂದಿತು. ಒಂದು ಹೊಸ ಪಂಪು ತಾನೆ, ಎಂದುಕೊಂಡ, ಬೇಕಾದರೆ ತೆಗೆದುಕೊಳ್ಳದಿದ್ದರಾಯಿತು. ಅಷ್ಟರಲ್ಲಿ ಮಗಳು ಕಾಗದದ ಚೀಲವನ್ನು ಅಲ್ಲಾಡಿಸುತ್ತ ಬಂದಳು.

"ಬನ್ನಿ ಅಪ್ಪ. ಮೊದಲನೇ ಸಲ ಆ ಹುಡುಗಿ ಎದುರಿಗೇ ಹೊಡ್ಕೋಬೇಕಂತೆ. ಸರಿಯಾಗಿ ಹೊಡೀತೀರಾ ಇಲ್ವಾ ನೋಡ್ತಾಳಂತೆ."

"ಪಂಪ್ ಹೊಡೆಯೋಕೂ ಪರೀಕ್ಷೆಯಾ?"

"ನೀವು ನಂಗೆ ಬಿರಡೆ ತೆಗೆಯೋಕೂ ಪರೀಕ್ಷೆ ಇಟ್ಟಿದ್ರಿ, ನೆನಪಿದೆಯಾ? ತಿರುಗಿಸು, ಎಳೀಬೇಡ, ಅಂತ."

ಉಸಿರಿನ ಕೋಣೆಯಲ್ಲಿ ಹುಡುಗಿ ಹೊಸ ಪಂಪನ್ನು ಬಿಚ್ಚಿ ಅವನ ಕೈಗಿತ್ತಳು. ಅವಳು ಕೈಕಟ್ಟಿ ನಿಂತು ನೋಡುತ್ತಿದ್ದಾಗ, ಬೇಡವೆನ್ನಲು ಯಾವ ಕಾರಣವೂ ಅವನ ನಾಲಿಗೆಗೆ ಸಿಗಲಿಲ್ಲ. ತುಟಿಗಳ ನಡುವೆ ಇಟ್ಟ. ಒತ್ತಿದ. ಕೆನ್ನೆ ತುಂಬಿತು, ಗಂಟಲು ಮುಚ್ಚಿತು; ಕಹಿ ನಾಲಿಗೆಯ ಹಿಂದೆ ಕೂತು, ಜಾರಿ, ಇಳಿಯಿತು. ಹುಡುಗಿಯ ಹುಬ್ಬು ಗಂಟಿಕ್ಕಿತು. ಅವಳು ಏನನ್ನೋ ಹೇಳಲು ಬಾಯಿ ತೆರೆದಳು, ಆದರೆ ಅವನಿಗೆ ಅದು ಕೇಳಿಸಲಿಲ್ಲ; ಹೊಟ್ಟೆಯ ಹುಳಿ ಒಮ್ಮೆಲೇ ಉಕ್ಕಿ ಗಂಟಲವರೆಗೆ ಬಂದಿತ್ತು. ಇಷ್ಟು ವರ್ಷದ ರೂಢಿಯಿಂದ ಕೈ ಎಡಗಿಸೆಗೆ ಹೋಯಿತು, ಅವನನ್ನು ಕೇಳದೆಯೇ, ಅವನು ತಡೆಯುವ ಮುನ್ನವೇ. ಸೀಸೆ ಹೊರಬಂತು. ಬಿರಡೆಯನ್ನು ಹಿಡಿದ ಬೆರಳುಗಳು ಅದುರಿದವು. ಜಾರಿದವು. ಮತ್ತೆ ಹಿಡಿದವು. ಅವನೇ ಉಜ್ಜಿ ಕೂರಿಸಿದ ಬಿರಡೆ, ಅವನ ಕೈಗೇ ತೆರೆಯಲೊಲ್ಲದು. ಗಾಜಿಗೆ ಉಗುರು ತಾಗಿ ಟಕಟಕ ಎಂದಿತು. ಆ ಸದ್ದು ಅವನಿಗೆ ಗೊತ್ತಿತ್ತು. ಕೊಠಡಿ ಸುಮ್ಮನಾದದ್ದೂ ಗೊತ್ತಿತ್ತು.

"ಕೊಡಿ ಇಲ್ಲಿ," ಎಂದಳು ಮಗಳು ಮೃದುವಾಗಿ. "ಪೆಪ್ಪರ್‌ಮಿಂಟ್ ತಾನೆ, ನಾನು ತೆಗೀತೀನಿ." ಎಳೆಯಲಿಲ್ಲ, ತಿರುಗಿಸಿದಳು, ಅವನು ಕಲಿಸಿದ ಹಾಗೆಯೇ. ಅಂಗೈಗೆ ಬಗ್ಗಿಸಿದಳು. ಬಿದ್ದ ಮಾತ್ರೆಗಳನ್ನು ನೋಡುತ್ತ ನಿಂತಳು. ಅಮ್ಮ ತಟ್ಟೆಯ ಅಂಚಿನಲ್ಲಿಡುತ್ತಿದ್ದ ಅದೇ ಬಣ್ಣ, ಅದೇ ಆಕಾರ.

"ಅಪ್ಪ," ಎಂದಳು. ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ಬೈಗುಳವೊಂದನ್ನು ಹಿಡಿದು ನಿಲ್ಲಬಹುದಿತ್ತು. ಅವಳು ಚಿಕ್ಕಮ್ಮನ ಮನೆಯ ಆ ಜಗಲಿಯಲ್ಲಿ, ನೆಂಟರ ನಡುವೆ, ಒಬ್ಬಳೇ ನಿಂತವಳಂತೆ ಕಂಡಳು.

ಎದೆಯಲ್ಲಿ ಏನೋ ಟಿಣ್ ಎಂದಿತು. ನೋವಲ್ಲ. ಒಂದು ಬಡಿತ ಬರಬೇಕಾದ ಕಡೆ ಬರಲಿಲ್ಲ, ಅವನು ಅದಕ್ಕಾಗಿ ಕಾದ, ಅಷ್ಟರಲ್ಲಿ ಅನೇಕ ಬಡಿತಗಳು ಒಂದರ ಮೇಲೊಂದು ಬಿದ್ದವು. ನೆಲ ತುಸುವೇ ವಾಲಿತು. ಹುಡುಗಿಯ ಬೆರಳುಗಳು ಮಣಿಕಟ್ಟಿನ ಮೇಲಿದ್ದವು. ಅವಳ ಮುಖದಲ್ಲಿದ್ದ ಚಿಕ್ಕತನ ಯಾವ ಮಾಯದಲ್ಲೋ ಹೋಗಿಬಿಟ್ಟಿತ್ತು. "ಮಲಗಿ ತಾತ. ಅಕ್ಕಾ, ಅವರ ಕಾಲು ಎತ್ತಿ. ಡಾಕ್ಟ್ರನ್ನ ಕರೀರಿ ಯಾರಾದ್ರೂ!"

ಮಂಚದ ಮೇಲೆ ಅವನ ಅಂಗಿಯ ಗುಂಡಿಗಳನ್ನು ಮಗಳೇ ಬಿಚ್ಚಿದಳು. ತಣ್ಣನೆಯ ಅಂಟು, ತಂತಿಗಳು, ಪಕ್ಕದಲ್ಲೊಂದು ಪರದೆ. ಪರದೆಯ ಮೇಲೆ ಹಸಿರು ಗೆರೆಯೊಂದು ಎರಡು ಹೆಜ್ಜೆ ನಡೆದು, ಒಂದು ತಪ್ಪಿ, ಮೂರು ಓಡುತ್ತಿತ್ತು. ದಿಂಬಿಗೊತ್ತಿದ ಕಿವಿಯಲ್ಲಿ ತಾನೊಬ್ಬನೇ ಕೇಳುತ್ತಿದ್ದುದು ಈಗ ಎಲ್ಲರ ಕಣ್ಣೆದುರು ಬೆಳಗುತ್ತಿದೆ. ಯಾರೋ ಅವನನ್ನು ಎರಡು ಕಪ್ಪು ಹಾಳೆಗಳ ನಡುವೆ ಹಿಡಿದು ದೀಪಕ್ಕೊಡ್ಡಿದ್ದಾರೆ. ಡಾಕ್ಟರು ಮಾತ್ರೆಯೊಂದನ್ನು ಬೆರಳುಗಳ ನಡುವೆ ಹಿಡಿದು ಮಗಳನ್ನು ಕೇಳುತ್ತಿದ್ದರು, ಮಗಳು ಅವನನ್ನು ಕೇಳುತ್ತಿದ್ದಳು: ದಿನಕ್ಕೆಷ್ಟು, ಎಷ್ಟು ವರ್ಷದಿಂದ, ನೀಲಿ ಪಂಪು ನಿಜವಾಗಿ ಎಷ್ಟು ಸಲ. ಅವನು ಹೇಳಿದ. ಹೇಳುವುದು ಇಷ್ಟು ಸುಲಭವಿತ್ತೇ ಎಂದು ಆಶ್ಚರ್ಯಪಡುತ್ತ ಹೇಳಿದ. ಯಾರೋ ತೋಳಿನಿಂದ ರಕ್ತ ಎಳೆದರು.

"ರಕ್ತದಲ್ಲಿ ಲವಣ ಎಲ್ಲಿಗೆ ಇಳಿದಿದೆಯೋ ನೋಡ್ಬೇಕು, ರಿಪೋರ್ಟ್ ಬೇಗ ತರಿಸಿ," ಎಂದರು ಡಾಕ್ಟರು, ಧ್ವನಿ ತಗ್ಗಿಸದೆ. "ಹೊಸ ಪಂಪ್ ಮುಟ್ಟಿಸಬೇಡಿ." ಮಂಚದ ಸುತ್ತ ಒಂದು ಸುತ್ತು ನಡೆದು, ತಮ್ಮನ್ನೇ ಕೇಳಿಕೊಂಡರು: "ಆದ್ರೆ ಇಷ್ಟು ಹೊಡೆದ್ರೂ ಎದೆ ಯಾಕೆ ಬಿಚ್ಚಲಿಲ್ಲ? ಔಷಧಿ ಹೋಗ್ತಿರೋದಾದ್ರೂ ಎಲ್ಲಿಗೆ?"

ಪರದೆ ಕೂಗಿತು, ಸುಮ್ಮನಾಯಿತು. ಮಗಳು ಅವನ ಬಲಗೈಯನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಿದ್ದಳು, ನಡುಕ ನಿಲ್ಲಿಸಲೆಂಬಂತೆ ಬಿಗಿಯಾಗಿ. ಬಿಟ್ಟುಬಿಡು ಮಗಳೇ, ಅದು ಕೈಯದಲ್ಲ, ಕೈ ಚೆನ್ನಾಗಿದೆ, ಎನ್ನಬೇಕೆಂದುಕೊಂಡ. ಅಷ್ಟಕ್ಕೆ ಬೇಕಾದ ಉಸಿರು ಕೆನ್ನೆಯಲ್ಲಿತ್ತು, ಎದೆಯಲ್ಲಿರಲಿಲ್ಲ. ಆಗ ಕಾಲ ಬುಡದಲ್ಲಿ ನಿಂತಿದ್ದ ಹುಡುಗಿ ಅವನ ಮುಖವನ್ನು, ಮುಖದಲ್ಲಿ ಇನ್ನೂ ಉಬ್ಬಿಕೊಂಡೇ ಇದ್ದ ಕೆನ್ನೆಗಳನ್ನು, ನೆಟ್ಟ ದೃಷ್ಟಿಯಿಂದ ನೋಡಿದಳು. ಏನನ್ನೋ ನೆನಪಿಸಿಕೊಳ್ಳುವವಳಂತೆ ಕೂದಲಿನ ಪೆನ್ಸಿಲನ್ನು ಕಿತ್ತಳು. ತಲೆಯ ಬಳಿ ಬಂದು ಬಗ್ಗಿದಳು.

"ತಾತ, ಕೊಳವೆ ಬಾಯಲ್ಲಿದ್ದಾಗ ಒಳಕ್ಕೆ ಎಳೀಬಾರದು ಅಂದ್ರಲ್ಲ? ಪಂಪ್ ಹೊಡೆಯುವಾಗ್ಲೂ ಹಾಗೇನಾ? ಬೆಳಿಗ್ಗೆ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ," ಎಂದಳು. "ಆ ಸುರುಳಿ ಕಥೆ ಇನ್ನೊಂದ್ಸಲ ಹೇಳಿ. ನಿಧಾನಕ್ಕೆ, ಮೊದಲಿಂದ."